ಮನೆಯಲ್ಲಿ ಬರೆದ ಪ್ರವೇಶ ಪರೀಕ್ಷೆಯ ಅಂಕ ರದ್ದಾದರೆ ಮೇಲ್ಮನವಿ ಹೇಗೆ?

ವಿದೇಶದಲ್ಲಿ ಓದಲು ಹೊರಟ ಬೆಂಗಳೂರಿನ ವಿದ್ಯಾರ್ಥಿಗಳು ಜಿಆರ್‌ಇ, ಟೋಫೆಲ್, ಡ್ಯುಯೊಲಿಂಗೊದಂತಹ ಪರೀಕ್ಷೆಗಳನ್ನು ವೆಬ್‌ಕ್ಯಾಮ್ ಕಣ್ಗಾವಲಿನಲ್ಲಿ ಮನೆಯಿಂದಲೇ ಬರೆಯಬಹುದು. ನಿಯಮ ಮುರಿಯದವರಿಗೂ ಕೆಲವೊಮ್ಮೆ ಅಂಕ ರದ್ದಾಗಿದೆ ಎಂಬ ಇಮೇಲ್ ಬರುತ್ತದೆ. ಆ ಆಘಾತದಲ್ಲಿ ಅಳಲನ್ನೆಲ್ಲ ತೋಡಿಕೊಂಡು ಪತ್ರ ಬರೆಯುವುದು ಸಹಜವಾದರೂ, ಪರಿಶೀಲಿಸುವವರಿಗೆ ಬೇಕಾದದ್ದು ರದ್ದತಿಗೆ ಕೊಟ್ಟ ಕಾರಣಕ್ಕೆ ನೇರವಾದ, ಪುರಾವೆಯುಳ್ಳ ಉತ್ತರ ಮಾತ್ರ.

ಆದ್ದರಿಂದ ಮೊದಲು ಇಮೇಲ್‌ನಲ್ಲಿರುವ ಕಾರಣವನ್ನೂ ಗಡುವನ್ನೂ ಗುರುತು ಹಾಕಿಕೊಳ್ಳಿ. ಡ್ಯುಯೊಲಿಂಗೊದಲ್ಲಿ ಮೇಲ್ಮನವಿಗೆ ಇರುವುದು 72 ಗಂಟೆ ಮಾತ್ರ. ಕಾರಣ ಅಸ್ಪಷ್ಟವಾಗಿದ್ದರೆ, ಯಾವ ನಿಯಮ, ಪರೀಕ್ಷೆಯ ಯಾವ ಭಾಗದಲ್ಲಿ, ಎಷ್ಟು ಹೊತ್ತಿಗೆ ಉಲ್ಲಂಘನೆಯಾಯಿತು ಎಂದು ಅದೇ ದಿನ ಬರವಣಿಗೆಯಲ್ಲಿ ಕೇಳಿ. ಕ್ಯಾಮೆರಾದಾಚೆ ಕುಳಿತ ಪ್ರಾಕ್ಟರ್ (ಪರೀಕ್ಷಾ ಮೇಲ್ವಿಚಾರಕರು) ಅನುಮಾನವನ್ನು ವರದಿ ಮಾಡುತ್ತಾರೆ, ತೀರ್ಮಾನ ಪರೀಕ್ಷಾ ಸಂಸ್ಥೆಯದು. ಪತ್ರ ಹೋಗಬೇಕಾದದ್ದೂ ಸಂಸ್ಥೆಗೇ.

ವಿದ್ಯುತ್ ಅಥವಾ ಇಂಟರ್ನೆಟ್ ಕಡಿತ ಕಾರಣವಾಗಿದ್ದರೆ ಉತ್ತರಿಸುವುದು ಸುಲಭ. ಬೆಸ್ಕಾಂನ ಕಡಿತ ಪ್ರಕಟಣೆ, ಅದರ ಸಹಾಯವಾಣಿ 1912ಕ್ಕೆ ಕೊಟ್ಟ ದೂರಿನ ಸಂಖ್ಯೆ, ಇಂಟರ್ನೆಟ್ ಕಂಪನಿಯ ಪತ್ರ, ಪ್ರಾಕ್ಟರ್ ಜತೆಗಿನ ಚಾಟ್‌ನ ಸ್ಕ್ರೀನ್‌ಶಾಟ್ ಇವುಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿ.

ವರ್ತನೆಯ ಕುರಿತ ಆರೋಪ ಕಷ್ಟದ್ದು. ಪರದೆಯಿಂದ ಕಣ್ಣು ಸರಿದದ್ದು, ಪ್ರಶ್ನೆ ಓದುವಾಗ ತುಟಿ ಅಲುಗಿದ್ದು, ಪಿ.ಜಿ.ಯಲ್ಲಿ ಪಕ್ಕದ ಕೋಣೆಯವರ ದನಿ ಕೇಳಿಸಿದ್ದು ಎಲ್ಲವೂ ಅನುಮಾನಕ್ಕೆ ಎಡೆಯಾಗಬಲ್ಲವು. ವೀಡಿಯೊದಲ್ಲಿ ಕಾಣುವುದನ್ನು ಅಲ್ಲಗಳೆಯಬೇಡಿ. ಆದದ್ದನ್ನು ಒಪ್ಪಿ, ಏಕಾಯಿತೆಂದು ಹೇಳಿ, ಆ ನಿಮಿಷಗಳ ಮುಂಚಿನ ಮತ್ತು ನಂತರದ ದೃಶ್ಯವನ್ನೂ ಅಧಿಕಾರಿಯೊಬ್ಬರು ಖುದ್ದಾಗಿ ನೋಡಬೇಕೆಂದು ಕೋರಿ. ಮನೆಯ ಜಿಆರ್‌ಇಯಲ್ಲಿ ಲೆಕ್ಕ ಮಾಡಿಕೊಳ್ಳಲು ಸಣ್ಣ ವೈಟ್‌ಬೋರ್ಡ್ ಅಥವಾ ಪಾರದರ್ಶಕ ಹೊದಿಕೆಯೊಳಗಿನ ಹಾಳೆಯನ್ನು ಅಳಿಸಬಹುದಾದ ಪೆನ್ನಿನೊಂದಿಗೆ ಬಳಸಲು ಅವಕಾಶವಿದೆ. ಕೆಳಗೆ ನೋಡುತ್ತಿದ್ದುದು ಅದನ್ನೇ ಆಗಿದ್ದರೆ ಆ ನಿಯಮವನ್ನು ಉಲ್ಲೇಖಿಸಿ.

ಪ್ರಬಂಧದ ಹೋಲಿಕೆಯಿಂದ ರದ್ದಾಗುವ ಪ್ರಕರಣಗಳನ್ನು ನಮ್ಮ ಊರಿನ ಪೋಷಕರು ವಿಶೇಷವಾಗಿ ಗಮನಿಸಬೇಕು. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ಪ್ರಬಂಧಗಳನ್ನು ಇತರ ಬರಹಗಳೊಂದಿಗೆ ಹೋಲಿಸುತ್ತದೆ, ಗಣನೀಯ ಸಾಮ್ಯ ಕಂಡರೆ ಅಂಕ ರದ್ದುಪಡಿಸುತ್ತದೆ. ಕೋಚಿಂಗ್ ತರಗತಿಯಲ್ಲಿ ಕೊಟ್ಟ ಒಂದೇ ಸಿದ್ಧ ಪೀಠಿಕೆಯನ್ನು ಹಲವರು ಕಂಠಪಾಠ ಮಾಡಿ ಒಪ್ಪಿಸಿದರೆ, ಯಾರನ್ನೂ ನಕಲು ಮಾಡದ ವಿದ್ಯಾರ್ಥಿಯೂ ಸಿಕ್ಕಿಬೀಳುತ್ತಾನೆ. ಇಲ್ಲಿ ಮೇಲ್ಮನವಿ ಗೆಲ್ಲುವುದು ಕಷ್ಟ. ಅಭ್ಯಾಸದ ದಿನಗಳ ದಿನಾಂಕವಿರುವ ಸ್ವಂತ ಕರಡುಗಳಿದ್ದರೆ ಲಗತ್ತಿಸಿ. ಸಿದ್ಧ ವಾಕ್ಯಗಳನ್ನು ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪತ್ರ ಒಂದು ಪುಟ ಮೀರದಿರಲಿ. ನೋಂದಣಿ ಸಂಖ್ಯೆ, ಪರೀಕ್ಷೆಯ ದಿನಾಂಕ, ಕೊಟ್ಟ ಕಾರಣ, ನಿಮ್ಮ ಉತ್ತರ, ಲಗತ್ತುಗಳ ಪಟ್ಟಿ, ಕೊನೆಗೆ ಅಂಕ ಮರಳಬೇಕೇ, ಉಚಿತ ಮರುಪರೀಕ್ಷೆಯೇ ಅಥವಾ ಶುಲ್ಕ ವಾಪಸಾತಿಯೇ ಎಂಬ ಸ್ಪಷ್ಟ ಕೋರಿಕೆ, ಇಷ್ಟು ಸಾಕು. ಅಂಕ ಈಗಾಗಲೇ ವಿಶ್ವವಿದ್ಯಾಲಯ ತಲುಪಿದ್ದರೆ, ಮೇಲ್ಮನವಿ ಬಾಕಿಯಿದೆಯೆಂದು ಪ್ರವೇಶ ವಿಭಾಗಕ್ಕೆ ನೀವೇ ಮೊದಲು ತಿಳಿಸಿ. ಉತ್ತರಕ್ಕೆ ಕಾಯುತ್ತ ಕೂರಬೇಡಿ: ಜಿಆರ್‌ಇಯನ್ನು 21 ದಿನಗಳ ಅಂತರದಲ್ಲಿ, 12 ತಿಂಗಳಲ್ಲಿ ಐದು ಬಾರಿ ಬರೆಯಬಹುದಾದ್ದರಿಂದ, ಮರುಪರೀಕ್ಷೆಗೆ ನಿರ್ಬಂಧ ಹೇರಿಲ್ಲದಿದ್ದರೆ ಈ ಬಾರಿ ಪರೀಕ್ಷಾ ಕೇಂದ್ರದಲ್ಲೇ ಸ್ಥಳ ಕಾದಿರಿಸಿ.

ಮೇಲ್ಮನವಿ ತಿರಸ್ಕೃತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದಾವೆ ಹೂಡಲು ಅವಕಾಶವಿದೆ. ಆದರೆ ಬಿಹಾರ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಪರೀಕ್ಷೆ ನಡೆಸುವ ಶಾಸನಬದ್ಧ ಮಂಡಳಿ ಸೇವಾದಾತನಲ್ಲ, ಹಾಗಾಗಿ ಅದರ ವಿರುದ್ಧ ಗ್ರಾಹಕ ದೂರು ನಿಲ್ಲದು ಎಂದಿದೆ. ಶುಲ್ಕ ಪಡೆಯುವ ಖಾಸಗಿ ಸಂಸ್ಥೆಗೂ ಆ ತರ್ಕ ಅನ್ವಯಿಸುತ್ತದೆಂಬ ವಾದವನ್ನು ಎದುರಿಸಬೇಕಾಗಬಹುದು. ಹೀಗಾಗಿ ದಾವೆಗೆ ಮುನ್ನ, ನೋಂದಣಿಯ ವೇಳೆ ಒಪ್ಪಿಕೊಂಡ ಷರತ್ತುಗಳ ಪ್ರತಿಯನ್ನು ವಕೀಲರಿಗೆ ತೋರಿಸಿ.