ಹಾಳೂರು ನೋಡಲು ಹೋಗುವ ಮುಂಚೆ

ಕಂದಾಯ ಇಲಾಖೆಯ ಕಾಗದದಲ್ಲಿ 'ಬೇಚರಾಕ್ ಗ್ರಾಮ' ಅಂತ ಬರೆದಿರುವುದನ್ನು ನೀವು ನೋಡಿರಬಹುದು. ಪಾರ್ಸಿಯಿಂದ ಬಂದ ಪದ ಅದು. ಚಿರಾಗ್ ಅಂದರೆ ದೀಪ, ಬೇಚಿರಾಗ್ ಅಂದರೆ ದೀಪ ಇಲ್ಲದ್ದು. ಹೆಸರಿದೆ, ಗಡಿ ಇದೆ, ಸರ್ವೆ ನಂಬರ್ ಇದೆ, ಸಂಜೆ ದೀಪ ಹಚ್ಚುವವರು ಮಾತ್ರ ಯಾರೂ ಇಲ್ಲ. ಇಂಥ ಊರುಗಳು ನಮ್ಮ ರಾಜ್ಯದ ತುಂಬಾ ಇವೆ. ನಿಮ್ಮ ತಾಲ್ಲೂಕಿನಲ್ಲೇ ಒಂದೆರಡು ಸಿಕ್ಕಾವು.

ಮೊದಲು ಮನೆಯಲ್ಲೇ ಕೂತು ಹುಡುಕಿ. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಜನವಸತಿ ಇಲ್ಲದ ಗ್ರಾಮಗಳ ಹೆಸರೂ ಇರುತ್ತದೆ. ಆಮೇಲೆ ಭೂದಾಖಲೆ ಇಲಾಖೆಯ ಜಾಲತಾಣದಿಂದ ಆ ಗ್ರಾಮದ ನಕ್ಷೆ ಇಳಿಸಿಕೊಂಡು, ಗ್ರಾಮಠಾಣ (ಧಾರವಾಡದ ಕಡೆ ಗಾವಠಾಣ ಅನ್ನುತ್ತಾರೆ) ಎಲ್ಲಿದೆ ನೋಡಿ. ಹಳೆಯ ಮನೆಗಳಿದ್ದ ಜಾಗ ಅದು. ಮೊಬೈಲಿನಲ್ಲಿ ದಿಶಾಂಕ್ ಆಪ್ ಇದ್ದರೆ ಹೊಲದಲ್ಲಿ ನಿಂತೇ ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಬಿ.ಎಲ್. ರೈಸ್ ಸಾಹೇಬರ ಶಾಸನ ಸಂಪುಟಗಳಿವೆ, ಎಪಿಗ್ರಾಫಿಯಾ ಕರ್ನಾಟಿಕಾ ಅಂತ; ಅದರಲ್ಲಿ ಶಾಸನಗಳನ್ನು ತಾಲ್ಲೂಕು, ಊರು ಹಿಡಿದು ಕೊಟ್ಟಿದ್ದಾರೆ, ಅದನ್ನೂ ಒಮ್ಮೆ ತಿರುವಿ ಹಾಕಿ.

ಆದರೆ ನೇರವಾಗಿ ಅಲ್ಲಿಗೆ ಹೋಗಬೇಡಿ. ಇದನ್ನು ನಾನು ಕಲಿತದ್ದು ಪೆಟ್ಟು ತಿನ್ನುವುದೊಂದು ಬಾಕಿ ಇದ್ದಾಗ. ಕ್ಯಾಮೆರಾ, ಟಾರ್ಚು, ಬ್ಯಾಗು ಹಿಡಿದು ಹಾಳು ಗುಡಿಯ ಸುತ್ತ ಓಡಾಡುತ್ತಿದ್ದೆ, ಹೊಲದಲ್ಲಿದ್ದ ನಾಲ್ಕು ಜನ ಬಂದು ಬೈಕಿನ ಕೀ ಕಿತ್ತುಕೊಂಡರು. ನಿಧಿಗಳ್ಳ ಅಂದುಕೊಂಡಿದ್ದರು. ಅವರ ತಪ್ಪೇನಿಲ್ಲ ಬಿಡಿ, ಹಾಳೂರಿನ ಲಿಂಗ ಕಿತ್ತು, ವೀರಗಲ್ಲಿನ ಬುಡ ಅಗೆದು ಹೋಗುವ ಕಳ್ಳರು ನಿಜವಾಗಿಯೂ ಬರುತ್ತಾರೆ.

ಹಾಗಾಗಿ ಪಕ್ಕದ ಊರಿನ ಕಟ್ಟೆಯ ಮೇಲೆ ಒಂದು ಗಂಟೆ ಕೂತುಕೊಳ್ಳಿ. ಚಹಾ ಕುಡಿಯಿರಿ. 'ಊರು ಯಾಕೆ ಹಾಳಾಯಿತು' ಅಂತ ಶುರು ಮಾಡಬೇಡಿ. 'ಅಜ್ಜಾ, ಆ ಹಾಳೂರು ಹನಮಪ್ಪಗ ಯಾರ್ ಪೂಜಿ ಮಾಡ್ತಾರ್ರೀ?' ಅಂತ ಕೇಳಿ. ಪೂಜೆ ಮಾಡುವ ಒಂದು ಮನೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಊರು ಬಿಟ್ಟವರು ದೇವರನ್ನು ಸುಲಭಕ್ಕೆ ಬಿಡುವುದಿಲ್ಲ, ವರ್ಷಕ್ಕೊಮ್ಮೆಯಾದರೂ ಎಡೆ ಹಿಡಿದು ಬರುತ್ತಾರೆ. ಆ ಮನೆಯವರು ಒಬ್ಬರು ಜೊತೆಗೆ ಬಂದರೆ ಸಾಕು, ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಅಲ್ಲಿ ಅವರೇ ಗೌಡರು.

ಕಾರಣ ಕೇಳಿದರೆ ಪ್ಲೇಗ್ ಅಂತ ಹೇಳುವವರೇ ಜಾಸ್ತಿ. ಪ್ಲೇಗು 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಆಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಕೆಲವರು ತಿರುಗಿ ಬರಲೇ ಇಲ್ಲ. ಅದಕ್ಕೂ ಮುಂಚೆ 1876-78ರ ಬರ ಇತ್ತು. ಮಲೆನಾಡಿನಲ್ಲಿ ಮಲೇರಿಯಾ. ಆಮೇಲೆ ಅಣೆಕಟ್ಟುಗಳು.

ಜಾಗಕ್ಕೆ ಹೋದ ಮೇಲೆ ಕಣ್ಣು ನೆಲದ ಮೇಲಿರಲಿ. ಬೂದಿ ಬಣ್ಣದ ಮಣ್ಣಿನ ದಿಬ್ಬ, ಅದರಲ್ಲಿ ಮಡಕೆ ಚೂರು, ನೆಲದಲ್ಲಿ ಹೂತ ಒರಳು, ಸುತ್ತ ಬರೀ ಜಾಲಿ ಇರುವಾಗ ನಡುವೆ ಒಂದು ದೊಡ್ಡ ಹುಣಸೆ ಮರ. ಇವೆಲ್ಲ ಸಿಕ್ಕರೆ ಊರೊಳಗೇ ನಿಂತಿದ್ದೀರಿ ಅಂತ ತಿಳಿಯಿರಿ. ಬಯಲುಸೀಮೆಯಲ್ಲಾದರೆ ಕೈಯಲ್ಲೊಂದು ಕೋಲು ಇರಲೇಬೇಕು, ಹಾವಿಗಿಂತ ಜಾಸ್ತಿ ಹಗೇವಿಗೆ. ಜೋಳ ತುಂಬಿಡಲು ತೋಡುತ್ತಿದ್ದ ನೆಲದೊಳಗಿನ ಕಣಜ ಅದು, ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಮೇಲೆ ಮುಚ್ಚಿದ ಕಲ್ಲು ಜರುಗಿ ಹುಲ್ಲು ಬೆಳೆದಿದ್ದರೆ ಕಾಣಿಸುವುದೇ ಇಲ್ಲ. ಕುಟ್ಟಿ ನೋಡಿ, ಡಬ್ ಅಂತ ಪೊಳ್ಳು ಸದ್ದು ಬಂದರೆ ಹಿಂದೆ ಸರಿಯಿರಿ. ಇಳಿಯಲಂತೂ ಇಳಿಯಬೇಡಿ. ಊರು ತುಂಬಿದ್ದ ಕಾಲದಲ್ಲೂ ಬಾಯಿ ತೆಗೆದು, ಗಾಳಿ ಆಡಲು ಬಿಟ್ಟೇ ಒಳಗಿಳಿಯುತ್ತಿದ್ದರು. ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ.

ಇನ್ನು ಸಮಾಧಿಗಳು. ನಮ್ಮಲ್ಲಿ ಸ್ಮಶಾನ ಅಂದರೆ ಸಾಲಾಗಿ ಕಲ್ಲು ನೆಟ್ಟ ಜಾಗ ಅಂತ ಹುಡುಕಿದರೆ ಸಿಗುವುದಿಲ್ಲ. ಗದ್ದುಗೆ ಒಂದು ಕಡೆ, ಖಬರಸ್ತಾನ ಇನ್ನೊಂದು ಕಡೆ, ಹೊಲದ ಬದುವಿನಲ್ಲಿ ಮನೆತನದ ಹಿರಿಯರು. ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತಿನದು, ಕೆಳಗಿನಿಂದ ಮೇಲಕ್ಕೆ ಓದಬೇಕು: ಕಾದಾಟ, ಅಪ್ಸರೆಯರು ಕರೆದೊಯ್ಯುವುದು, ಕೊನೆಗೆ ಶಿವಲಿಂಗದ ಮುಂದೆ ವೀರ. ಬಳೆ ತೊಟ್ಟು ಮಡಚಿದ ಕೈ ಒಂದು ಕಂಬದಿಂದ ಚಾಚಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಅಕ್ಷರ ಸವೆದಿದ್ದರೆ ಸುಣ್ಣ, ಹಿಟ್ಟು, ಬಣ್ಣ ಬಳಿಯಬೇಡಿ. ಬೆಳಿಗ್ಗೆ ಅಥವಾ ಇಳಿ ಬಿಸಿಲಿಗೆ ಹೋಗಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನಡು ಮಧ್ಯಾಹ್ನ ಏನೂ ಕಾಣದ ಕಲ್ಲಿನಲ್ಲಿ ಸಾಲುಗಳು ಎದ್ದು ಬರುತ್ತವೆ.

ತೀರಾ ಹಳೆಯದು ಬೇಕಿದ್ದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೆ ಹೋಗಿ. ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಲುಗೋರಿಗಳಿವೆ, ಊರವರು ಮೋರೇರ ಮನೆ ಅನ್ನುತ್ತಾರೆ. ಬೆಳಿಗ್ಗೆಯೇ ಹತ್ತಿ, ನೀರು ಹೊತ್ತುಕೊಂಡು ಹೋಗಿ. ಹಾಸನದ ಶೆಟ್ಟಿಹಳ್ಳಿ ಚರ್ಚು ಎಲ್ಲರಿಗೂ ಗೊತ್ತು. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದೇ ಹೋಗಬಹುದು, ಆದರೆ ಗೋಡೆಗಳು ದುರ್ಬಲ, ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಚ್ಚು ಬೇಡ. ಶರಾವತಿಯ ಕಡೆ ಲಿಂಗನಮಕ್ಕಿ ನೀರು ತೀರಾ ಇಳಿದ ವರ್ಷ ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅಣೆಕಟ್ಟೆಯೇ ಮುಳುಗಡೆಯಾದದ್ದು ಅಂದರೆ ಅದೇ.

ಏನೂ ಎತ್ತಿಕೊಂಡು ಬರಬೇಡಿ, ಮಡಕೆ ಚೂರನ್ನೂ. ಅಕಸ್ಮಾತ್ ನಾಣ್ಯ ಕಂಡರೆ ತಹಶೀಲ್ದಾರರಿಗೆ ತಿಳಿಸಿ. ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ವರದಿ ಮಾಡಲೇಬೇಕು. ವೀರಗಲ್ಲು ಇರುವ ಜಾಗದ ಲೊಕೇಶನ್ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಕಳ್ಳರೂ ಮೊಬೈಲ್ ನೋಡುತ್ತಾರೆ. ಫೋಟೋ ಪ್ರಿಂಟ್ ಹಾಕಿಸಿ, ಮುಂದಿನ ಸಲ ಹೋದಾಗ ಜೊತೆಗೆ ಬಂದ ಆ ಅಜ್ಜನಿಗೆ ಕೊಡಿ. ನಾನು ಕೊಟ್ಟಾಗ ಆತ ಗುಡಿಯ ಫೋಟೋ ಪಕ್ಕಕ್ಕಿಟ್ಟು, ಹುಣಸೆ ಮರದ ಫೋಟೋ ಒಂದನ್ನೇ ಜೇಬಿಗೆ ಹಾಕಿಕೊಂಡ. ಅದರ ಬುಡದಲ್ಲೇ ಅವರ ಮನೆ ಇತ್ತಂತೆ.