ಮೊದಲ ಡಬ್ಬಿ ಮಾರುವ ಮುಂಚೆ: ಬ್ರಿಟನ್‌ನಲ್ಲಿರುವ ನಮ್ಮೂರಿನವರಿಗೆ

ಡಿಸೆಂಬರ್ ಬಂತೆಂದರೆ ಆಲ್ದೂರಿನ ನಮ್ಮ ಮನೆಯ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯವರು ರಜೆಗೆ ಊರಿಗೆ ಬರುವುದೂ ಅದೇ ಹೊತ್ತಿಗೆ. ನಾನೂ ಹಾಗೇ ಬರುತ್ತೇನೆ. ಕಳೆದ ಸಲ ಹಾಸನದ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯ ಹುಡುಗಿ ಮೆಲ್ಲಗೆ ಕೇಳಿದಳು. "ಅಕ್ಕಾ, ನೀವು ಅಲ್ಲಿ ಕೊಡುಬಳೆ, ಚಟ್ನಿಪುಡಿ ಮಾಡಿ ಮಾರ್ತೀರಂತೆ. ಭಯ ಆಗಲಿಲ್ವಾ?"

ಚನ್ನರಾಯಪಟ್ಟಣದ ಕಡೆಯವಳು. ಎಂಜಿನಿಯರಿಂಗ್ ಓದಿದ್ದಾಳೆ. ಗಂಡನ ಕೆಲಸಕ್ಕಾಗಿ ಮಿಲ್ಟನ್ ಕೀನ್ಸ್‌ಗೆ ಹೋಗಿ ಎರಡು ವರ್ಷ ಆಗಿದೆ. ಇವಳು ಮನೆಯಲ್ಲೇ ಇದ್ದಾಳೆ. ಅವಳು ಮಾಡುವ ಹುರಿಗಡಲೆ ಚಟ್ನಿಪುಡಿಯನ್ನು ಗೆಳತಿಯರು ಕೇಳಿ ಕೇಳಿ ತೆಗೆದುಕೊಂಡು ಹೋಗುತ್ತಾರೆ. ದುಡ್ಡು ಕೊಡುತ್ತೇವೆ ಅಂದರೆ ಇವಳು ಬೇಡ ಅನ್ನುತ್ತಾಳೆ. ದುಡ್ಡು ಬೇಡ ಅಂತಲ್ಲ, ಹೆದರಿಕೆ.

ಮಾರನೇ ದಿನ ಅವಳನ್ನು ನಮ್ಮ ಮನೆಗೆ ಕರೆದೆ. ಜಗುಲಿಯಲ್ಲಿ ಕೂರಿಸಿ ಒಂದು ಹಾಳೆ ಕೊಟ್ಟು, "ನಿನ್ನ ಭಯಗಳನ್ನೆಲ್ಲ ಒಂದೊಂದಾಗಿ ಬರೆ" ಎಂದೆ. ಅವಳು ಬರೆದದ್ದು ಇಷ್ಟು. ವೀಸಾಕ್ಕೆ ತೊಂದರೆ ಆದರೆ? ಇನ್ಸ್‌ಪೆಕ್ಟರ್ ಬಂದು ದಂಡ ಹಾಕಿದರೆ? ತಿಂದವರಿಗೆ ಏನಾದರೂ ಆದರೆ? ಟ್ಯಾಕ್ಸ್ ತಪ್ಪಾದರೆ? ಯಾರೂ ಕೊಳ್ಳದಿದ್ದರೆ? ಜನ ಏನಂತಾರೆ?

ಆರೂ ಭಯಗಳು ಒಂದೇ ಗಾತ್ರದಲ್ಲಿ ಅವಳ ತಲೆಯೊಳಗೆ ಕೂತಿದ್ದವು. ತೊಂದರೆ ಇರುವುದೇ ಅಲ್ಲಿ. ಮೊದಲನೆಯದಕ್ಕೆ ನಿಜವಾಗಿ ಹೆದರಬೇಕು. ಮೂರನೆಯದಕ್ಕೆ ಎಚ್ಚರ ಬೇಕು. ಉಳಿದವು ಹೇಗೆ ನಡೆಯುತ್ತವೆ ಎಂದು ಗೊತ್ತಾದರೆ ಸಾಕು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮುಂಚೆ ನಮ್ಮಪ್ಪನ ಒಂದು ಮಾತು. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಯಿತು. 1996ರ ಹೊತ್ತಿಗೆ ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಅಪ್ಪನಿಗೆ ಖುಷಿಯಾಗಬೇಕಿತ್ತು, ಅಲ್ವಾ? ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಯಾರನ್ನು ನಂಬುವುದು, ತೂಕದಲ್ಲಿ ಮೋಸ ಆದರೆ, ದುಡ್ಡು ಬರದಿದ್ದರೆ ಎಂದೇ ಚಿಂತೆ. ಕೊನೆಗೆ ಐದು ಮೂಟೆ ಮಾತ್ರ ಹಾಕಿಕೊಂಡು ಚಿಕ್ಕಮಗಳೂರಿನ ಒಬ್ಬ ವ್ಯಾಪಾರಿಯ ಹತ್ತಿರ ಹೋದರು. ಹೋದರೆ ಐದು ಮೂಟೆ ಹೋಗಲಿ ಎಂಬ ಲೆಕ್ಕ. ತೇವ ಹೇಗೆ ನೋಡುತ್ತಾರೆ, ಔಟ್‌ಟರ್ನ್ (ಒಣಗಿದ ಕಾಯಿಯಿಂದ ಎಷ್ಟು ಬೀಜ ಇಳಿಯುತ್ತದೆ ಎಂಬ ಲೆಕ್ಕ) ಹೇಗೆ ಹಿಡಿಯುತ್ತಾರೆ, ಚೆಕ್ ಎಷ್ಟು ದಿನಕ್ಕೆ ಬರುತ್ತದೆ, ಎಲ್ಲವನ್ನೂ ಆ ಐದು ಮೂಟೆಯಲ್ಲೇ ಕಲಿತರು. ನಾನು ರೆಡಿಂಗ್‌ನಲ್ಲಿ ಮೊದಲ ಸಲ ಕೊಡುಬಳೆ ಮಾರಲು ಹೊರಟಾಗ ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಐದು ಮೂಟೆ ಯಾವುದು?"

ಬ್ರಿಟನ್‌ನ ವ್ಯವಸ್ಥೆಯಲ್ಲಿ ಈ ಐದು ಮೂಟೆಗೆ ಜಾಗ ಇದೆ. ನಮ್ಮವರಲ್ಲಿ ಸುಮಾರು ಜನಕ್ಕೆ ಅದು ಗೊತ್ತಿಲ್ಲ.

ಈಗ ವೀಸಾ. ಇಲ್ಲಿ ಧೈರ್ಯ ತೋರಿಸಲು ಹೋಗಬೇಡಿ. ಸ್ಟೂಡೆಂಟ್ ವೀಸಾದಲ್ಲಿ ಇರುವವರು ಸ್ವಂತ ವ್ಯಾಪಾರ ಮಾಡುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಡಬ್ಬಿ ಉಪ್ಪಿನಕಾಯಿ ಮಾರಿದರೂ ಅದು ವ್ಯಾಪಾರವೇ. ಕಂಪನಿ ಕೆಲಸ ಕೊಟ್ಟು ಕರೆಸಿಕೊಂಡ ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಸ್ಪಾನ್ಸರ್ ಮಾಡಿದ ಕೆಲಸದ ಜೊತೆ ಬೇರೆ ಕೆಲಸ ಮಾಡಲು ಬಿಗಿಯಾದ ನಿಯಮಗಳಿವೆ. ವಾರಕ್ಕೆ 20 ಗಂಟೆಯ ಮಿತಿ ಇದೆ, ಎಂಥ ಕೆಲಸ ಎಂಬ ಮಿತಿಯೂ ಇದೆ. ಶನಿವಾರದ ಸಂತೆಯಲ್ಲಿ ತಿಂಡಿ ಮಾರುವುದು ಅದರೊಳಗೆ ಬರುತ್ತದೆ ಎಂದು ನಂಬಿಕೊಳ್ಳಬೇಡಿ. ಆದರೆ ಸ್ಕಿಲ್ಡ್ ವರ್ಕರ್‌ನ ಹೆಂಡತಿ ಅಥವಾ ಗಂಡ ಡಿಪೆಂಡೆಂಟ್ (ಅವರ ಅವಲಂಬಿತರು) ಆಗಿ ಬಂದಿದ್ದರೆ ಸ್ವಂತ ವ್ಯಾಪಾರ ಮಾಡಬಹುದು. ಅಲ್ಲಿ ಓದು ಮುಗಿಸಿದಮೇಲೆ ಸಿಗುವ ಗ್ರಾಜುಯೇಟ್ ವೀಸಾದವರೂ ಮಾಡಬಹುದು. ಐಎಲ್‌ಆರ್, ಅಂದರೆ ಕಾಯಂ ಆಗಿ ಇರುವ ಅನುಮತಿ, ಸಿಕ್ಕವರಿಗೆ ತಡೆಯೇ ಇಲ್ಲ. ಮಿಲ್ಟನ್ ಕೀನ್ಸ್‌ನ ನಮ್ಮ ಹುಡುಗಿ ಎರಡು ವರ್ಷ ಹೆದರಿ ಕೂತಿದ್ದಳಲ್ಲ, ಅವಳಿಗೆ ಮೊದಲ ದಿನದಿಂದಲೂ ಅನುಮತಿ ಇತ್ತು! ಅದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಿಮ್ಮ ಇ-ವೀಸಾದಲ್ಲಿ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಇವತ್ತೇ ತೆರೆದು ಓದಿ. ಅನುಮಾನ ಇದ್ದರೆ ಪರವಾನಗಿ ಇರುವ ಇಮಿಗ್ರೇಷನ್ ಸಲಹೆಗಾರರನ್ನೇ ಕೇಳಿ. ಗೆಳೆಯರ ಗೆಳೆಯ ಹೇಳಿದ್ದು ಲೆಕ್ಕಕ್ಕಿಲ್ಲ.

ವ್ಯಾಪಾರದ ಹೆಸರು ಗಂಡ ಹೆಂಡತಿಯಲ್ಲಿ ಯಾರದ್ದು ಎಂಬುದೂ ಮುಖ್ಯ. ಹೆಂಡತಿಯ ಹೆಸರಿನಲ್ಲಿ ನೋಂದಾಯಿಸಿ, ಸ್ಕಿಲ್ಡ್ ವರ್ಕರ್ ಗಂಡ ವಾರವಿಡೀ ಅಂಗಡಿ ನಡೆಸಿದರೆ ಅದು ಗಂಡನ ವೀಸಾಕ್ಕೇ ಕುತ್ತು. ಇನ್ನೊಂದು ಮಾತು. ಐಎಲ್‌ಆರ್ ಇಲ್ಲದೆ ಈ ವೀಸಾಗಳಲ್ಲಿ ಇರುವವರಿಗೆ ಸಾಮಾನ್ಯವಾಗಿ ಅಲ್ಲಿನ ಸರ್ಕಾರದ ಭತ್ಯೆಗಳು ಸಿಗುವುದಿಲ್ಲ. ಆದ್ದರಿಂದ ಮನೆ ಬಾಡಿಗೆಯ ದುಡ್ಡನ್ನು ವ್ಯಾಪಾರಕ್ಕೆ ಹಾಕಲೇಬೇಡಿ.

ಮುಂದಿನದು ಇನ್ಸ್‌ಪೆಕ್ಟರ್. ಆ ಪದ ಕೇಳಿದರೇ ನಮಗೆ ಎದೆ ಝಲ್ ಎನ್ನುತ್ತದೆ. ಊರಿನ ಅನುಭವ ಹಾಗಿದೆ. ಬ್ರಿಟನ್‌ನಲ್ಲಿ ತಿನ್ನುವ ಪದಾರ್ಥ ಏನೇ ಮಾರಿದರೂ, ಮನೆ ಅಡುಗೆಮನೆಯಿಂದ ಮಾರಿದರೂ, ಶುರು ಮಾಡುವ 28 ದಿನ ಮುಂಚೆ ನಿಮ್ಮ ಲೋಕಲ್ ಕೌನ್ಸಿಲ್‌ನಲ್ಲಿ (ನಮ್ಮ ಪುರಸಭೆ ಇದ್ದ ಹಾಗೆ) ಫುಡ್ ಬಿಸಿನೆಸ್ ಎಂದು ನೋಂದಾಯಿಸಬೇಕು. ಕಾಫಿಪುಡಿ ಮಾರುವವರೂ ಇದಕ್ಕೆ ಸೇರುತ್ತಾರೆ. ಇದು ಪೂರ್ತಿ ಉಚಿತ. ಬೇಡ ಎಂದು ತಳ್ಳಿಹಾಕುವ ಅಧಿಕಾರವೂ ಕೌನ್ಸಿಲ್‌ಗೆ ಇಲ್ಲ. ನನಗೆ ಇದು ಗೊತ್ತಿರಲಿಲ್ಲ. ಒಬ್ಬ ಮಧ್ಯವರ್ತಿಗೆ 150 ಪೌಂಡ್ ಕೊಟ್ಟು ಆ ಫಾರಂ ತುಂಬಿಸಿದ್ದೆ. ಆ ದುಡ್ಡಿಗಾಗಿ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಕೊಡಬೇಡಿ.

ಆಮೇಲೆ ಕೌನ್ಸಿಲ್‌ನಿಂದ ನಮ್ಮ ಮನೆಗೆ ಬಂದ ಅಧಿಕಾರಿ ಶೂ ಬಿಚ್ಚಿಟ್ಟು ಒಳಗೆ ಬಂದರು. ಫ್ರಿಜ್ ತೆಗೆದು ಉಷ್ಣತೆ ನೋಡಿದರು. ಕಾನೂನಿನ ಪ್ರಕಾರ 8 ಡಿಗ್ರಿಗಿಂತ ಕೆಳಗಿರಬೇಕು, 5 ಇದ್ದರೆ ಒಳ್ಳೆಯದು. ಕೈ ತೊಳೆಯುವುದು ಎಲ್ಲಿ, ಸೋಪು ಇದೆಯಾ, ಬೆಕ್ಕು ನಾಯಿ ಒಳಗೆ ಬರುತ್ತಾ ಎಂದೆಲ್ಲ ಕೇಳಿದರು. ಅನ್ನ ಹೇಗೆ ಆರಿಸುತ್ತೀರಿ ಎಂದು ಕೇಳಿದಾಗ ನಾನು ತಬ್ಬಿಬ್ಬಾದೆ. ಪುಳಿಯೋಗರೆ, ಚಿತ್ರಾನ್ನವನ್ನು ನಾವು ಬೆಳಿಗ್ಗೆ ಕಲಸಿಟ್ಟು ರಾತ್ರಿವರೆಗೂ ತಿನ್ನುತ್ತೇವೆ. ಅಲ್ಲಿ ಹಾಗಿಲ್ಲ. ಬೆಂದ ಅನ್ನದಲ್ಲಿ ಉಳಿಯುವ ಒಂದು ಬ್ಯಾಕ್ಟೀರಿಯಾ ಹೊರಗಿಟ್ಟಷ್ಟೂ ಬೆಳೆದು ವಿಷ ಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಸಾಧ್ಯವಾದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಬೇಕು. ಬಿಸಿಯಾಗಿ ಮಾರುವುದಾದರೆ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಅದಕ್ಕೇ ನಾನು ಅನ್ನದ ತಿಂಡಿ ಬಿಟ್ಟು ಒಣ ತಿಂಡಿ ಹಿಡಿದೆ. ಮೊದಲ ಸಲದವರಿಗೆ ಅದೇ ಸುಲಭ ಎಂದು ನನ್ನ ಅನಿಸಿಕೆ. ಆಹಾರದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ 'ಸೇಫರ್ ಫುಡ್ ಬೆಟರ್ ಬಿಸಿನೆಸ್' ಎಂಬ ಪುಸ್ತಿಕೆ ಪುಕ್ಕಟೆ ಸಿಗುತ್ತದೆ. ಅದನ್ನು ತುಂಬಿಟ್ಟುಕೊಳ್ಳಿ. ಪರೀಕ್ಷೆ ಆದಮೇಲೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಇದು ಇಂಗ್ಲೆಂಡಿನ ಮಾತು, ಸ್ಕಾಟ್ಲೆಂಡಿನ ಪದ್ಧತಿ ಬೇರೆ.

ಮೂರನೇ ಭಯದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿಂದು ತೀರಿಕೊಂಡಳು. ಹಿಟ್ಟಿನಲ್ಲಿ ಎಳ್ಳಿತ್ತು. ಎಳ್ಳು ಅವಳಿಗೆ ಆಗುತ್ತಿರಲಿಲ್ಲ. ಪೊಟ್ಟಣದ ಮೇಲೆ ಎಳ್ಳಿನ ಹೆಸರೇ ಇರಲಿಲ್ಲ. ಅವಳ ಅಪ್ಪ ಅಮ್ಮ ಹೋರಾಡಿದ್ದರಿಂದ 2021ರ ಅಕ್ಟೋಬರ್‌ನಲ್ಲಿ ಹೊಸ ನಿಯಮ ಬಂತು. ಮಾಡಿದವರೇ ಪ್ಯಾಕ್ ಮಾಡಿ ಮಾರುವ ತಿಂಡಿಯ ಮೇಲೂ ಅದರ ಹೆಸರು, ಎಲ್ಲ ಪದಾರ್ಥಗಳ ಪಟ್ಟಿ ಇರಬೇಕು. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದಿದ್ದರೂ ಅದು ಎದ್ದು ಕಾಣಬೇಕು.

ಆ 14ರ ಪಟ್ಟಿಯನ್ನು ನಮ್ಮ ಅಡುಗೆಮನೆಯ ಡಬ್ಬಗಳ ಮುಂದೆ ನಿಂತು ಓದಿ. ಸಾಸಿವೆ ಅದರಲ್ಲಿದೆ, ಅಂದರೆ ನಮ್ಮ ಒಗ್ಗರಣೆ. ಎಳ್ಳು ಇದೆ, ಅಂದರೆ ಕೊಡುಬಳೆ, ಚಿಗಳಿ. ಕಡಲೆಕಾಯಿ ಬೀಜ ಬೇರೆ, ಗೋಡಂಬಿ ಬಾದಾಮಿ ಬೇರೆ, ಎರಡೂ ಇವೆ. ತುಪ್ಪ ಹಾಲಿನ ಲೆಕ್ಕಕ್ಕೆ ಸೇರುತ್ತದೆ. ರವೆ, ಮೈದಾ ಗೋಧಿಯ ಲೆಕ್ಕಕ್ಕೆ. ಒಣದ್ರಾಕ್ಷಿಗೆ ಕೆಲವೊಮ್ಮೆ ಹಾಕುವ ಸಲ್ಫೈಟ್ ಕೂಡ ಪಟ್ಟಿಯಲ್ಲಿದೆ. ತುಂಬಾ ಜನ ತಪ್ಪುವುದು ಇಂಗಿನಲ್ಲಿ. ಅಂಗಡಿಯ ಇಂಗಿನ ಪುಡಿಯಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಡಬ್ಬಿ ತಿರುಗಿಸಿ ಓದದೆ 'ಗೋಧಿ ಇಲ್ಲ' ಎಂದು ಯಾರಿಗೂ ಹೇಳಬೇಡಿ. ಕೊಬ್ಬರಿ ಈ 14ರಲ್ಲಿ ಇಲ್ಲ, ಆದರೂ ಪದಾರ್ಥಗಳ ಪಟ್ಟಿಯಲ್ಲಿ ಬರೆಯಬೇಕು. ಕಾಫಿಪುಡಿಗೆ ಚಿಕೋರಿ ಬೆರೆಸಿದರೆ ಅದನ್ನೂ ಬರೆಯಬೇಕು. 'ಒಂದು ಚಿಟಿಕೆ', 'ಕಣ್ಣಳತೆ' ಅಲ್ಲಿ ನಡೆಯುವುದಿಲ್ಲ. ಅಜ್ಜಿಯ ಕೈಯಳತೆಯನ್ನು ತೂಕಕ್ಕೆ ತರಲು ನನಗೆ ಒಂದು ತಿಂಗಳೇ ಹಿಡಿಯಿತು. ಆ ತಿಂಗಳು ದಂಡವಾಗಲಿಲ್ಲ. ಆಮೇಲೆ ಪ್ರತಿ ಸಲವೂ ಒಂದೇ ರುಚಿ ಬರತೊಡಗಿತು.

ಊರಿಂದ ಸೂಟ್‌ಕೇಸಿನಲ್ಲಿ ಅಮ್ಮ ಕಾಯಿಸಿದ ತುಪ್ಪ ಒಯ್ದು ಅದರಲ್ಲಿ ಮಾಡುತ್ತೇನೆ ಅನ್ನಬೇಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮಾರುವುದಕ್ಕೆ ಕಾಫಿಪುಡಿ ಒಯ್ಯುವುದಾದರೂ ಕಸ್ಟಮ್ಸ್‌ನಲ್ಲಿ ವ್ಯಾಪಾರದ ಸರಕು ಎಂದೇ ಹೇಳಬೇಕು. ನಮ್ಮ ವ್ಯಾಪಾರದಿಂದ ಬೇರೆಯವರಿಗೆ ತೊಂದರೆ ಆದರೆ ನೆರವಾಗುವ ಪಬ್ಲಿಕ್ ಲಯಬಿಲಿಟಿ ವಿಮೆ ಮಾಡಿಸಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ಈಗ ಟ್ಯಾಕ್ಸ್, ಅಂದರೆ ನಾನು ಹೇಳಿದ ಐದು ಮೂಟೆ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಒಂದು ವರ್ಷದಲ್ಲಿ ನಿಮ್ಮ ಮಾರಾಟ 1,000 ಪೌಂಡ್ ದಾಟದಿದ್ದರೆ ಸಾಮಾನ್ಯವಾಗಿ ತೆರಿಗೆ ಇಲಾಖೆಗೆ ಹೇಳುವ ಅಗತ್ಯವೂ ಇಲ್ಲ. ನೆನಪಿಡಿ, ಇದು ಲಾಭದ ಲೆಕ್ಕ ಅಲ್ಲ, ಕೈಗೆ ಬಂದ ಒಟ್ಟು ದುಡ್ಡಿನ ಲೆಕ್ಕ. ಕೌನ್ಸಿಲ್ ನೋಂದಣಿ ಮಾತ್ರ ಮೊದಲ ಡಬ್ಬಿಗೂ ಬೇಕು.

1,000 ದಾಟಿದರೆ ಎಚ್‌ಎಂಆರ್‌ಸಿಯಲ್ಲಿ, ಅಂದರೆ ಅಲ್ಲಿನ ತೆರಿಗೆ ಇಲಾಖೆಯಲ್ಲಿ, ಸೋಲ್ ಟ್ರೇಡರ್ (ಒಬ್ಬರೇ ನಡೆಸುವ ವ್ಯಾಪಾರ) ಎಂದು ಸೆಲ್ಫ್ ಅಸೆಸ್‌ಮೆಂಟ್‌ಗೆ (ನಮ್ಮ ತೆರಿಗೆ ಲೆಕ್ಕ ನಾವೇ ಒಪ್ಪಿಸುವುದು) ಸೇರಬೇಕು. 2026ರ ಫೆಬ್ರವರಿಯಲ್ಲಿ ಶುರು ಮಾಡಿ ಏಪ್ರಿಲ್ 5ರೊಳಗೆ 1,000 ದಾಟಿತು ಅನ್ನೋಣ. 2026ರ ಅಕ್ಟೋಬರ್ 5ರೊಳಗೆ ಹೆಸರು ಕೊಡಬೇಕು. 2027ರ ಜನವರಿ 31ರೊಳಗೆ ಆನ್‌ಲೈನ್‌ನಲ್ಲಿ ಲೆಕ್ಕ ಒಪ್ಪಿಸಿ ತೆರಿಗೆಯನ್ನೂ ಕಟ್ಟಬೇಕು. ಲೆಕ್ಕ ಒಪ್ಪಿಸಲು ಒಂದು ದಿನ ತಡವಾದರೂ 100 ಪೌಂಡ್ ದಂಡ. ನಮ್ಮ ಕೊಯ್ಲಿನ ಗಡಿಬಿಡಿಯಲ್ಲಿ ಊರಿಗೆ ಬಂದವರು ಈ ಜನವರಿ 31ನ್ನು ಮರೆತುಬಿಡುತ್ತಾರೆ. ನಾನು ಹೊರಡುವ ಮುಂಚೆ, ನವೆಂಬರ್‌ನಲ್ಲೇ ಮುಗಿಸಿಬಿಡುತ್ತೇನೆ.

ಎಷ್ಟು ಕಟ್ಟಬೇಕು? ಬೇರೆ ಆದಾಯ ಇಲ್ಲದವರಿಗೆ ಲಾಭ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ. ಅದೇ ಲಾಭಕ್ಕೆ ಕ್ಲಾಸ್ 4 ನ್ಯಾಷನಲ್ ಇನ್ಶೂರೆನ್ಸ್ (ಸ್ವಂತ ವ್ಯಾಪಾರದವರು ಲಾಭದ ಮೇಲೆ ಸರ್ಕಾರಕ್ಕೆ ಕಟ್ಟುವ ವಂತಿಗೆ) ಕೂಡ ಇಲ್ಲ. ಅದನ್ನು ದಾಟಿದಮೇಲೆ ಕ್ಲಾಸ್ 4ರ ದರ ನೂರಕ್ಕೆ 6. ಸಂಬಳವೂ ಇರುವವರ ಲೆಕ್ಕ ಬೇರೆ. ಆ 12,570 ಸಂಬಳದಲ್ಲೇ ಮುಗಿದಿರುತ್ತದೆ. 4,000 ಪೌಂಡ್ ಮಾರಿ, 2,400 ಖರ್ಚಾಗಿ, 1,600 ಉಳಿದರೆ ನೂರಕ್ಕೆ 20ರಂತೆ 320 ಪೌಂಡ್ ತೆರಿಗೆ. ಬಂದ ದುಡ್ಡಿನಲ್ಲಿ ಕಾಲು ಭಾಗವನ್ನು ಬೇರೆ ಖಾತೆಗೆ ಹಾಕಿಟ್ಟು ಮುಟ್ಟಬೇಡಿ. ತೆರಿಗೆ 1,000 ಪೌಂಡ್ ದಾಟಿದರೆ ಮುಂದಿನ ವರ್ಷದ್ದನ್ನೂ ಅರ್ಧರ್ಧ ಮುಂಗಡ ಕಟ್ಟಿ ಅನ್ನುವ ಸಾಧ್ಯತೆ ಇದೆ. ಮೊದಲ ಸಲ ಅದನ್ನು ನೋಡಿದವರಿಗೆ ಎದೆ ಒಡೆಯುತ್ತದೆ. ವ್ಯಾಟ್‌ನ ಚಿಂತೆ 12 ತಿಂಗಳ ಮಾರಾಟ 90,000 ಪೌಂಡ್ ದಾಟುವವರೆಗೆ ಬೇಡ.

ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಯಾರೂ ಹೇಳದ ಒಂದು ವಿಷಯ ಇದೆ. ಸ್ವಂತ ವ್ಯಾಪಾರ ಎಂದು ಹೆಸರು ಕೊಟ್ಟಮೇಲೆ ಲಾಭ ಕಮ್ಮಿ ಇದ್ದರೂ ಇಷ್ಟಪಟ್ಟು ನ್ಯಾಷನಲ್ ಇನ್ಶೂರೆನ್ಸ್‌ನ ಇನ್ನೊಂದು ಬಗೆಯಾದ ಕ್ಲಾಸ್ 2 ಕಟ್ಟಬಹುದು. ಅದು ತುಂಬಾ ಕಮ್ಮಿ ಮೊತ್ತ. ಆ ವರ್ಷಗಳು ಸ್ಟೇಟ್ ಪೆನ್ಷನ್‌ಗೆ ಸೇರುತ್ತವೆ. ಪೆನ್ಷನ್ ಸಿಗಲು ಸಾಮಾನ್ಯವಾಗಿ ಕನಿಷ್ಠ 10 ವರ್ಷ ಬೇಕು, ಪೂರ್ತಿ ಸಿಗಲು 35.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೂ ಒಂದು ಮಾತು. ನಿಮ್ಮ ಹೆಸರಿಗೆ ತೋಟದ ಆದಾಯ ಬರುತ್ತಿದ್ದರೆ, ಇಲ್ಲಿ ಅದಕ್ಕೆ ತೆರಿಗೆ ಇಲ್ಲ ಎಂದು ಸುಮ್ನೆ ಇರಬೇಡಿ. ಅಲ್ಲಿನ ನಿವಾಸಿಗಳಾದಮೇಲೆ ಹೊರದೇಶದ ಆದಾಯವನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಹೊಸದಾಗಿ ಹೋದವರಿಗೆ ಮೊದಲ ನಾಲ್ಕು ವರ್ಷ ರಿಯಾಯಿತಿ ಇದೆ, ಆದರೆ ಅದನ್ನು ಕೇಳಿ ಪಡೆಯಬೇಕು.

ಯಾರೂ ಕೊಳ್ಳದಿದ್ದರೆ ಎಂಬ ಭಯಕ್ಕೆ ನನ್ನಲ್ಲಿ ಇರುವುದು ಅನುಭವ ಮಾತ್ರ. ಮೊದಲ ಸಂತೆಗೆ 40 ಪೊಟ್ಟಣ ಒಯ್ದೆ, 11 ಖರ್ಚಾದವು. ಮನೆಗೆ ಬಂದು ಅತ್ತೆ. ಆ 11ರಲ್ಲಿ ಮೂರು ಜನ ಮುಂದಿನ ವಾರ ಹುಡುಕಿಕೊಂಡು ಬಂದರು. ಅವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ! ಕನ್ನಡದವರಿಗೆ ಮಾತ್ರ ಮಾರುತ್ತೇನೆ ಅಂದುಕೊಂಡಿದ್ದೇ ನನ್ನ ತಪ್ಪು ಎಂದು ಆಗ ಗೊತ್ತಾಯಿತು. ಸಾಲಕ್ಕೆ ಮೊದಲ ವರ್ಷ ಕೈ ಹಾಕಬೇಡಿ. ಆಮೇಲೆ ಬೇಕಾದರೆ ಸರ್ಕಾರದ ಸ್ಟಾರ್ಟ್ ಅಪ್ ಲೋನ್ ಇದೆ, ಒಬ್ಬರಿಗೆ 25,000 ಪೌಂಡ್‌ವರೆಗೆ. ಅದಕ್ಕೂ ವೀಸಾ ನೋಡುತ್ತಾರೆ.

ಜನ ಏನಂತಾರೆ ಎಂಬುದನ್ನು ಕೊನೆಗೆ ಇಟ್ಟಿದ್ದೆವು. ಆ ಹುಡುಗಿಯ ಅಮ್ಮ ಪಕ್ಕದಲ್ಲೇ ಕೂತಿದ್ದರು. "ಎಂಜಿನಿಯರ್ ಓದಿಸಿದ್ದು ಪುಡಿ ಕುಟ್ಟಕ್ಕಾ?" ಎಂದು ಅವರೇ ಕೇಳಿದರು. ಕೋಪದಿಂದಲ್ಲ, ಸಂಕಟದಿಂದ. ನಾನು ಉತ್ತರ ಕೊಡಲಿಲ್ಲ. ಮಗಳು ಫೋನಿನಲ್ಲಿ ಕೌನ್ಸಿಲ್‌ನ ಫಾರಂ ತೆರೆದು ಕೂತಿದ್ದಳು. ಏನೇನು ಮಾರುತ್ತೀರಿ ಎಂಬ ಜಾಗ ಬಂದಾಗ ತಲೆ ಎತ್ತಿ, "ಅಮ್ಮ, ನಿನ್ನ ಚಟ್ನಿಪುಡಿಗೆ ಹುಣಸೆಹಣ್ಣು ಎಷ್ಟು ಗ್ರಾಂ?" ಎಂದು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ನಮ್ಮ ಅಡುಗೆಮನೆಯಲ್ಲಿ ತಕ್ಕಡಿ ಎಲ್ಲಿದೆ ಎಂದು ಕೇಳಿದರು.