ಇಂಟರ್‌ವ್ಯೂ ಆದ ಮೇಲೆ ತೆಲುಗಿನಲ್ಲಿ ಒಂದು ಸಾಲು

ನಾನು ಬಳ್ಳಾರಿಯವಳು. ತೆಲುಗು ನನಗೆ ಯಾರೂ ಕಲಿಸಲಿಲ್ಲ, ಓಣಿಯಲ್ಲಿ ಆಡುತ್ತಾ ಬಂತು. ನಮ್ಮೂರು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮದೇ ಜಿಲ್ಲೆಯಲ್ಲಿದ್ದ ಆದೋನಿ, ರಾಯದುರ್ಗ ಆಂಧ್ರದ ಪಾಲಾದವು. ನೆಂಟಸ್ತನ ಮಾತ್ರ ಎರಡೂ ಕಡೆ ಉಳಿಯಿತು. ಹಾಗಾಗಿ ಮಾತಾಡಲು ಬರುತ್ತದೆ, ಬರೆಯಲು ಕೂತರೆ ಪೇಚಾಟ.

ಒಂದು ಜೀನ್ಸ್ ಯೂನಿಟ್‌ಗೆ ಅಕೌಂಟ್ಸ್ ಕೆಲಸ ಕೇಳಿಕೊಂಡು ಹೋಗಿದ್ದೆ. ಇಂಟರ್‌ವ್ಯೂ ಮಾಡುತ್ತಿದ್ದವರು ನಡುವೆ ಫೋನ್ ಎತ್ತಿ, "ಅಮ್ಮಾ, ತರ್ವಾತ ಚೇಸ್ತಾ" (ಅಮ್ಮಾ, ಆಮೇಲೆ ಮಾಡ್ತೀನಿ) ಎಂದರು. ಮನೆಮಾತು ತಿಳಿಯಿತಲ್ಲ! ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಲು ಸಂಜೆ ವಾಟ್ಸಾಪ್‌ನಲ್ಲಿ ಜಂಬದಿಂದ ಬರೆದೆ: 'ನೀ ಸಮಯಂ ಕೇಟಾಯಿಂಚಿನಂದುಕು ಧನ್ಯವಾದಾಲು.' ಉತ್ತರ ಬರಲಿಲ್ಲ. ಗುಂತಕಲ್ಲಿನ ನಮ್ಮ ಅತ್ತೆ ಅದನ್ನು ಓದಿ, "ಏನೇ, ತಮ್ಮನಿಗೆ ಬರೆದಿದ್ದೀಯಾ?" ಎಂದು ನಕ್ಕರು.

ತಪ್ಪು ಇದ್ದದ್ದು 'ನೀ'ಯಲ್ಲಿ. ಕನ್ನಡದ 'ನಿಮ್ಮ' ತೆಲುಗಿನಲ್ಲಿ 'ಮೀ'. 'ನೀ' ಅಂದರೆ 'ನಿನ್ನ'. 'ನಿಮಗೆ' ಅನ್ನಲು 'ಮೀಕು', 'ನೀಕು' ಅಲ್ಲ. ನಾವು ಕನ್ನಡದವರು 'ನೀವು' ಎಂದು ಗೌರವ ಕೊಟ್ಟು ರೂಢಿ ಅಲ್ವಾ, ನಾಲಿಗೆ ತಾನಾಗೇ 'ನೀ' ಕಡೆ ಜಾರುತ್ತದೆ. ಓಣಿಯ ತೆಲುಗೂ ಬರೀ ಗೆಳೆಯರ ತೆಲುಗು. ಹೆಸರಾದ ಮೇಲೆ ಗೌರವಕ್ಕೆ 'ಗಾರು' ಹಾಕಿ. ಪತ್ರದ ಮೇಲ್ಗಡೆಯಾದರೆ 'ಗಾರಿಕಿ' ಆಗುತ್ತದೆ, ನಮ್ಮ 'ಅವರಿಗೆ' ಇದ್ದ ಹಾಗೆ.

ಹೆಸರಲ್ಲಿ ರೆಡ್ಡಿ ಇದೆ ಎಂದು ತೆಲುಗು ಬರೆದುಬಿಡಬೇಡಿ. ಕನ್ನಡವೇ ಮನೆಮಾತಾದ ರೆಡ್ಡಿಗಳು ನಮ್ಮ ಕಡೆ ಬೇಕಾದಷ್ಟು ಜನ. ಕಿವಿಯಾರೆ ಕೇಳಿದ್ದರೆ ಮಾತ್ರ ಬರೆಯಿರಿ.

ಇನ್ನು ಲಿಪಿ. ಅನಂತಪುರದಲ್ಲಿ ಓದಿದವರಿಗೆ ತೆಲುಗು ಲಿಪಿ ಸರಿ. ಬಳ್ಳಾರಿಯಲ್ಲೇ ಕನ್ನಡ ಮೀಡಿಯಂ ಓದಿದವರು ಎಷ್ಟೋ ಜನ ಮನೆಯಲ್ಲಿ ತೆಲುಗು ಆಡುತ್ತಾರೆ, ಆದರೆ ಓದುವುದಿಲ್ಲ. ಅವರಿಗೆ ಕನ್ನಡ ಲಿಪಿಯಲ್ಲೇ ತೆಲುಗು ಬರೆಯಿರಿ. ಎರಡೂ ಲಿಪಿ ನೋಡಲು ಒಂದೇ ಥರ ಎಂದು ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ. ತೆಲುಗಿನ ತಲೆಕಟ್ಟು ರೈಟ್ ಮಾರ್ಕಿನಂತೆ ಇರುತ್ತದೆ, 'ಕ', 'ತ' ಬೇರೆಯೇ. ಫೋನಿನಲ್ಲಿ ತೆಲುಗು ಕೀಬೋರ್ಡ್ ಹಾಕಿಕೊಂಡರೆ ಆಯಿತು.

ತೆಲುಗು ಒಂದೇ ಸಾಲು ಸಾಕು. ಉಳಿದದ್ದು ಇಂಟರ್‌ವ್ಯೂ ನಡೆದ ಭಾಷೆಯಲ್ಲಿ. ಅಲ್ಲಿ ನಡೆದ ಒಂದು ಮಾತು ಅದರಲ್ಲಿ ಇರಲೇಬೇಕು, ಇಲ್ಲದಿದ್ದರೆ ಯಾರಿಗೆ ಬೇಕಾದರೂ ಕಳಿಸಬಹುದಾದ ಮೆಸೇಜ್ ಆಗುತ್ತದೆ. ಮುಂದಿನ ಇಂಟರ್‌ವ್ಯೂ ಆದ ಮೇಲೆ, ಅದೇ ದಿನ ಸಂಜೆ ನಾನು ಕಳಿಸಿದ್ದು ಇದು:

'ನಮಸ್ಕಾರಂ ಮೇಡಂ ಗಾರು. ಮೀ ಸಮಯಂ ಕೇಟಾಯಿಂಚಿನಂದುಕು ಧನ್ಯವಾದಾಲು. ವಾಶಿಂಗ್ ಜಾಬ್‌ವರ್ಕ್ ಬಿಲ್‌ಗಳು ಬಾಕಿ ಉಳಿಯುತ್ತವೆ ಎಂದು ಹೇಳಿದಿರಿ. ಹಳೇ ಕೆಲಸದಲ್ಲಿ ನಾನು ಟ್ಯಾಲಿಯಲ್ಲಿ ಪಾರ್ಟಿವಾರು ಬಾಕಿ ತೆಗೆದು ಪ್ರತಿ ಶನಿವಾರ ಫೋನ್ ಮಾಡುತ್ತಿದ್ದೆ. ಇಲ್ಲೂ ಮಾಡಬಲ್ಲೆ.'

ಅರ್ಧ ಗಂಟೆಯಲ್ಲಿ ಉತ್ತರ ಬಂತು, ಪೂರ್ತಿ ತೆಲುಗಿನಲ್ಲಿ. ಅದನ್ನು ಓದಿಸಲು ಮತ್ತೆ ಅತ್ತೆಗೇ ಫೋನ್ ಮಾಡಬೇಕಾಯಿತು.